ಹೆಸರು ತಿಳಿದರೆ ದಾರಿ ತಿಳಿದೀತು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಶಾಲೆಯ ಹಿರಿಯರು ಆದೇಶಿಸಿದಾಗ, ನನ್ನ ವೃತ್ತಿಯ ವಿಷಯವನ್ನೇ ಬರೆಯುವುದು ಉಚಿತವೆಂದು ತೋರಿತು. ಗೋವೆಯ ವೈದ್ಯಕೀಯ ಗ್ರಂಥಾಲಯವೊಂದರಲ್ಲಿ, ವೈದ್ಯರಿಗೂ ವಿದ್ಯಾರ್ಥಿಗಳಿಗೂ ಬೇಕಾದ ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಇಂತಹ ಉದ್ಯೋಗದಲ್ಲಿ ಕನ್ನಡ ಶಾಲೆಯ ಓದು ಏನು ಪ್ರಯೋಜನಕ್ಕೆ ಬಂತೆಂದು ಕೆಲವರು ಕೇಳುವುದುಂಟು. ಅವರಿಗೆ ಉತ್ತರವಾಗಿ ಈ ನಾಲ್ಕು ಮಾತು.

ಹಿಂದೆ ಇಂತಹ ಹುಡುಕಾಟಕ್ಕೆ ಆಧಾರವಾಗಿದ್ದುದು ‘ಇಂಡೆಕ್ಸ್ ಮೆಡಿಕಸ್’ ಎಂಬ ಮುದ್ರಿತ ಸೂಚಿ. ಜಾನ್ ಶಾ ಬಿಲ್ಲಿಂಗ್ಸ್ ಅವರು 1879ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಆ ಸೂಚಿಯ ಮುದ್ರಣ 2004ರಲ್ಲಿ ನಿಂತಿತು. ಅಷ್ಟರಲ್ಲಿ ಗಣಕಯಂತ್ರ ಅದರ ಸ್ಥಾನವನ್ನು ತೆಗೆದುಕೊಂಡಿತ್ತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1997ರಲ್ಲಿ ‘ಪಬ್‌ಮೆಡ್’ ಎಂಬ ಸೂಚಿಯನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಇಂದು ಅದರಲ್ಲಿ 3.5 ಕೋಟಿಗೂ ಮಿಕ್ಕಿ ಲೇಖನಗಳ ಉಲ್ಲೇಖಗಳಿವೆ. ಈ ಮಹಾಸಾಗರದಲ್ಲಿ ಬೇಕಾದುದು ಕೈಗೆ ಸಿಗಬೇಕಾದರೆ ಸರಿಯಾದ ಹೆಸರು ತಿಳಿದಿರಬೇಕು.

2015ರಲ್ಲಿ ನಮ್ಮ ಸತ್ತರಿ ತಾಲೂಕಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಆ ದಿನಗಳಲ್ಲಿ ಯುವ ವೈದ್ಯರೊಬ್ಬರು ಈ ರೋಗದ ಬಗ್ಗೆ ಇರುವುದೆಲ್ಲವೂ ಬೇಕೆಂದು ನನ್ನ ಬಳಿಗೆ ಬಂದರು. ‘ಮಂಗ’, ‘ರೋಗ’ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಮಂಗಗಳಿಗೆ ಬರುವ ನಾನಾ ರೋಗಗಳ ರಾಶಿಯೇ ಎದುರು ನಿಲ್ಲುತ್ತದೆ. ಆದರೆ ಆ ಗ್ರಂಥಾಲಯದವರು ಪ್ರತಿಯೊಂದು ವಿಷಯಕ್ಕೂ ಒಂದು ಅಧಿಕೃತ ಶೀರ್ಷಿಕೆಯನ್ನು ಗೊತ್ತುಮಾಡಿದ್ದಾರೆ. ಲೇಖಕರು ಯಾವ ಪದವನ್ನೇ ಬಳಸಿರಲಿ, ಲೇಖನವನ್ನು ಆ ಶೀರ್ಷಿಕೆಯ ಕೆಳಗೆ ಸೇರಿಸುತ್ತಾರೆ. ಈ ರೋಗದ ಶೀರ್ಷಿಕೆ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಯಾವ ಕಾಡಿನಲ್ಲಿ ಈ ವೈರಾಣು ಪತ್ತೆಯಾಯಿತೋ, ಆ ಕಾಡಿನ ಹೆಸರು! ನಮ್ಮ ಮಲೆನಾಡಿನ ಹೆಸರೊಂದು ಜಗತ್ತಿನ ಗ್ರಂಥಸೂಚಿಯಲ್ಲಿ ನೆಲೆಯಾಗಿರುವುದನ್ನು ಕಂಡು ನಾನು ಕ್ಷಣಕಾಲ ಮೌನವಾದೆ.

ಆ ಶೀರ್ಷಿಕೆಯ ಜೊತೆಗೆ ‘ಲಸಿಕೆ’ ಎಂಬ ಪದವನ್ನು, ನಡುವೆ ‘ಆಂಡ್’ ಇಟ್ಟು ಕೊಟ್ಟರೆ, ಎರಡೂ ವಿಷಯಗಳಿರುವ ಲೇಖನಗಳು ಮಾತ್ರ ಬರುತ್ತವೆ. ಹಾಗೆ ಹುಡುಕಿದಾಗ 1994ರ ಲೇಖನವೊಂದು ದೊರೆಯಿತು. ಎರಡು ಬಾರಿ ಲಸಿಕೆ ಪಡೆದವರಲ್ಲಿ ಶೇಕಡ 93.5ರಷ್ಟು ರಕ್ಷಣೆ ಎಂದು ಅದರ ಅಭಿಪ್ರಾಯ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪಟ್ಟಿಯಲ್ಲಿ ಮುಂದೆ ನೋಡಿದಾಗ 2013ರ ಇನ್ನೊಂದು ಅಧ್ಯಯನ ಸಿಕ್ಕಿತು. ಅದರಲ್ಲಿ ಅಂತಹವರ ರಕ್ಷಣೆ ಶೇಕಡ 62.4 ಮಾತ್ರ. ಮೊದಲನೆಯದನ್ನಷ್ಟೇ ಓದಿದವನು ಲಸಿಕೆಯನ್ನು ಅತಿಯಾಗಿ ನಂಬಿ ಕಾಡಿಗೆ ಹೋದಾನು. ಮುಂದೆ 2022ರಲ್ಲಿ ಕರ್ನಾಟಕದಲ್ಲಿ ಆ ಲಸಿಕೆಯ ಬಳಕೆಯೇ ನಿಂತಿತು. ಒಂದು ಲೇಖನವನ್ನು ಕಂಡು ತೃಪ್ತರಾಗಬಾರದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಕೆಲವು ದಿನಗಳ ನಂತರ ಬೆಳಗಾವಿ ಕಡೆಯಿಂದ ಗೇರು ತೋಟದ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ಸಿಕ್ಕಿ, “ತಮ್ಮಾ, ಇದು ಮಂಗ ಕಚ್ಚಿದ್ರ ಬರೂದೇನು?” ಎಂದು ಕೇಳಿದರು. “ಇಲ್ಲ ಕಾಕಾ, ಉಣ್ಣಿ ಕಚ್ಚಿದ್ರ ಬರತೈತಿ. ಮಂಗ ಸತ್ತು ಬಿದ್ದಲ್ಲಿ ಉಣ್ಣಿ ಉದುರಿರತಾವ, ಆ ಕಡೆ ಹೋಗಬ್ಯಾಡ್ರಿ. ಮೈತುಂಬ ಬಟ್ಟಿ ಹಾಕ್ಕೊಂಡು ಹೋಗ್ರಿ, ಜ್ವರ ಬಂದ್ರ ಆಸ್ಪತ್ರಿಗೆ ಹೋಗಿ ಕಾಡಿನ ಕೆಲಸ ಅಂತ ಹೇಳ್ರಿ” ಎಂದೆ. ಸತ್ತರಿಯ ಗೇರು ಕೆಲಸಗಾರರಿಗೆ ತಗುಲಿದ ಈ ಸೋಂಕಿನ ಬಗ್ಗೆಯೇ 2017ರಲ್ಲಿ ವಿಜ್ಞಾನಿಗಳ ಲೇಖನವೊಂದು ಪ್ರಕಟವಾಯಿತು. ಅದು ಇಂಗ್ಲಿಷಿನಲ್ಲಿದೆ. ಆ ಕಾಕಾ ಅದನ್ನು ಓದಲಾರರು. ಅದರ ವಿಷಯವಾದರೋ ಅವರಂತಹವರ ಬದುಕೇ.

ಜ್ಞಾನ ಈಗ ಬೀಗ ಹಾಕಿದ ಕಪಾಟಿನಲ್ಲಿಲ್ಲ. ಪೂರ್ಣ ಲೇಖನ ಎಲ್ಲಕ್ಕೂ ಉಚಿತವಾಗಿ ಸಿಗದಿದ್ದರೂ ಹೆಚ್ಚಿನವುಗಳ ಸಾರಾಂಶವನ್ನು ಯಾರೂ ಓದಬಹುದು. ಕೊರತೆಯಿರುವುದು ಅದನ್ನು ಮನೆಯ ಮಾತಿನಲ್ಲಿ ತಿಳಿಸುವವರದು. ನಮ್ಮ ಶಾಲೆಯಿಂದ ಹೊರಟು ವೈದ್ಯರೋ ದಾದಿಯರೋ ಆಗಿರುವ ಮಕ್ಕಳು ಆ ಹೊಣೆ ಹೊರಲಿ. ಎರಡೂ ಭಾಷೆ ಬಲ್ಲವರಿಗೆ ಅದು ಭಾರವಲ್ಲ.