ದೇವರ ಪೆಟ್ಟಿಗೆಯ ಬಿಲ್ಲೆಗಳು

ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೋ, ಅತ್ತೆಯವರ ಟ್ರಂಕಿನ ತಳದಲ್ಲೋ ಹಳೇ ಬಿಲ್ಲೆಯೊಂದು ಇದ್ದೀತು, ಒಮ್ಮೆ ಹುಡುಕಿ ನೋಡಿ. ಅಂಗಡಿಯಲ್ಲಿ ನಡೆಯುವುದಿಲ್ಲ, ಒಡವೆಯೂ ಅಲ್ಲ, ಬಿಸಾಡೋಣವೆಂದರೆ ಮನಸ್ಸು ಬಾರದು. ಇಂಥವನ್ನು ಕೂಡಿಡುವುದೇ ನನ್ನ ಹವ್ಯಾಸ. ನಿಜವಾದ ನಾಣ್ಯಕ್ಕಿಂತ ನನಗೆ ದೇವಸ್ಥಾನದ ಟಂಕ, ಹೆಸರು ಕೊರೆದ ಪದಕ, ಯಾರೋ ಮುದ್ರೆ ಒತ್ತಿ ಗಾಯ ಮಾಡಿದ ರೂಪಾಯಿ, ಇವೇ ಇಷ್ಟ. ಖರ್ಚೂ ಹೆಚ್ಚಿಲ್ಲ, ಬಿಸ್ಕತ್ತಿನ ಡಬ್ಬಿ ಒಂದಿದ್ದರೆ ಸಾಕು.

ಮೊದಲು ರಾಮಟಂಕ. ಒಂದು ಕಡೆ ಸಿಂಹಾಸನದಲ್ಲಿ ಸೀತಾರಾಮರು, ಸುತ್ತ ತಮ್ಮಂದಿರು, ಹನುಮಂತ. ಇನ್ನೊಂದು ಕಡೆ ಬಿಲ್ಲು ಹಿಡಿದ ರಾಮಲಕ್ಷ್ಮಣರು. ಚಿನ್ನದ್ದು, ಬೆಳ್ಳಿಯದು, ಹಿತ್ತಾಳೆಯದು ಎಲ್ಲಾ ಉಂಟು. "ವಿಜಯನಗರದ ಅರಸರದ್ದು ಕಣ್ರೀ" ಅಂತ ಎಷ್ಟೋ ಮನೆಗಳಲ್ಲಿ ನಂಬಿಕೆ. ಆದರೆ ಇವು ವ್ಯವಹಾರದ ನಾಣ್ಯಗಳಲ್ಲ. ಯಾತ್ರೆಗೆ ಹೋದವರು ತಂದು ಪೂಜೆಗೆ ಇಟ್ಟುಕೊಳ್ಳುತ್ತಿದ್ದ ಬಿಲ್ಲೆಗಳು. ಮನೆಗಳಲ್ಲಿ ಸಿಗುವ ಹೆಚ್ಚಿನವು ಕಳೆದ ಇನ್ನೂರು ಮುನ್ನೂರು ವರ್ಷಗಳ ಈಚಿನವು. ಹಾಲು, ಕುಂಕುಮದ ಅಭಿಷೇಕದಲ್ಲಿ ಸವೆದು ಸೀತಮ್ಮನ ಮುಖವೇ ಅಳಿಸಿಹೋದ ಒಂದು ನನ್ನಲ್ಲಿದೆ. ಹೊಳೆಯುವ ಹೊಸದಕ್ಕಿಂತ ನನಗೆ ಅದೇ ಮೇಲು.

ಇನ್ನು ಮುದ್ರೆಯ ರೂಪಾಯಿ. ಹಿಂದೆ ಚಿನಿವಾರರು, ಶರಾಫರು ಕೈಗೆ ಬಂದ ರೂಪಾಯಿ ಒಳ್ಳೇ ಬೆಳ್ಳಿಯೋ, ಒಳಗೆ ತಾಮ್ರ ತುಂಬಿದೆಯೋ ಎಂದು ಪರೀಕ್ಷೆ ಮಾಡಿ ತಮ್ಮದೊಂದು ಪುಟ್ಟ ಗುರುತು ಒತ್ತುತ್ತಿದ್ದರು. ಒಬ್ಬನದು ಹೂವು, ಇನ್ನೊಬ್ಬನದು ನಕ್ಷತ್ರ, ಮತ್ತೊಬ್ಬನದು ಬರೀ ಚುಕ್ಕಿ. ಒಂದೇ ರೂಪಾಯಿಯ ಮೇಲೆ ನಾಲ್ಕೈದು ಗುರುತು ಇದ್ದರೆ ಅದು ಅಷ್ಟು ಕೈ ದಾಟಿ ಬಂದಿದೆ ಅಂತ ಲೆಕ್ಕ. ನಾಣ್ಯ ಸಂಗ್ರಹಿಸುವ ಗಂಡಸರು "ಕೆಟ್ಟುಹೋಗಿದೆ" ಅಂತ ಇದಕ್ಕೆ ಬೆಲೆ ಕಡಿಮೆ ಕಟ್ಟುತ್ತಾರೆ. ಕಟ್ಟಲಿ ಬಿಡಿ, ನಮಗೆ ಅಗ್ಗಕ್ಕೆ ಸಿಗುತ್ತದೆ!

ನಮ್ಮ ಅತ್ತೆಯವರ ರೂಪಾಯಿ ಸರದಲ್ಲಿ ವಿಕ್ಟೋರಿಯಾ ರಾಣಿಯ ಇಪ್ಪತ್ತೊಂದು ಬಿಲ್ಲೆಗಳಿದ್ದವು. ಆ ಕಾಲದ ಒಂದೊಂದು ರೂಪಾಯಿಯೂ ಒಂದು ತೊಲ, ಅಂದರೆ 11.66 ಗ್ರಾಂ ತೂಕ. ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಮಗಳ ಮದುವೆಗೆ ಕಾಲ್ಗೆಜ್ಜೆ ಮಾಡಿಸುವಾಗ ಅಕ್ಕಸಾಲಿ "ಸರ ಇದೆಯಲ್ಲಮ್ಮ, ಕರಗಿಸಿಬಿಡೋಣ" ಅಂದ. ಮನೆಯವರೂ ಹೂಂ ಅಂದರು. ನಾನು ರಾತ್ರಿ ಕೂತು ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದೆ. ಮೂರರ ಮೇಲೆ ಗುರುತುಗಳಿದ್ದವು. ಒಂದು 1862ರದ್ದು, ರಾಣಿಯ ಕೆನ್ನೆಯ ಮೇಲೇ ಹೂವಿನ ಮುದ್ರೆ. ಮುಖ ಕಾಣದಷ್ಟು ಸವೆದಿದ್ದ ಎಂಟನ್ನು ಅಕ್ಕಸಾಲಿಗೆ ಕೊಟ್ಟೆ. ಗೆಜ್ಜೆ ಸ್ವಲ್ಪ ಸಣ್ಣದಾಯಿತು, ಮಗಳು ಒಂದು ದಿನ ಮುಖ ಊದಿಸಿಕೊಂಡಳು. ಸರ ಗಿಡ್ಡದಾದರೂ ಉಳಿಯಿತು.

ಪದಕಗಳ ವಿಷಯ ಒಂದೇ ಮಾತು. 1918ರಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಕಥೆ ನೀವು ಕೇಳಿರಬಹುದು. ಆ ಮೊದಲನೇ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಪಡೆದವನ ನಂಬರು, ಹೆಸರು, ದಳ ಎಲ್ಲಾ ಕೊರೆದಿರುತ್ತದೆ. ತಾತನ ಪದಕ ತೂಕಕ್ಕೆ ಹಾಕುವ ಮೊದಲು ಅಂಚನ್ನು ತಿರುಗಿಸಿ ಓದಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಸೋದರಿಯರೇ. ಹನುಮಂತನ ಚಿತ್ರವಿದ್ದು, ಹಿಂದೆ ಇಂಗ್ಲಿಷಿನಲ್ಲಿ 'ಈಸ್ಟ್ ಇಂಡಿಯಾ ಕಂಪೆನಿ, ಒನ್ ಅಣಾ, 1818' ಅಂತ ಬರೆದ ಬಿಲ್ಲೆ ತೋರಿಸಿ ಲಕ್ಷ ಲಕ್ಷ ಎನ್ನುವವರಿದ್ದಾರೆ. ಕಂಪೆನಿಯವರು ಅಂಥ ನಾಣ್ಯ ಹೊಡೆಸಲೇ ಇಲ್ಲ. ಮದರಾಸಿನಲ್ಲಿ ವೆಂಕಟೇಶ್ವರ ಸ್ವಾಮಿಯೂ ಇಬ್ಬರು ದೇವಿಯರೂ ಇರುವ ಚಿನ್ನದ ವರಾಹ ಹೊಡೆಸಿದ್ದು ನಿಜ, ಆದರೆ ಅದರಲ್ಲಿ ಇಂಗ್ಲಿಷೂ ಇಲ್ಲ, ಅಣಾ ಲೆಕ್ಕವೂ ಇಲ್ಲ. 1835ರ ತಾಮ್ರದ ಅರ್ಧ ಅಣಾದಲ್ಲಿ ಇರುವುದು ಕಂಪೆನಿಯ ಸಿಂಹಲಾಂಛನ, ದೇವರಲ್ಲ.

ನಮ್ಮ ಬೀದಿಯ ಒಬ್ಬರಿಗೆ ಇಂಥದೇ ಬಿಲ್ಲೆ ಅಕ್ಕಿಕಾಳನ್ನು ಎಳೆಯುತ್ತದೆ, ವಿದೇಶದವರು ಕೋಟಿ ಕೊಡುತ್ತಾರೆ, ಪರೀಕ್ಷೆ ಖರ್ಚಿಗೆ ಮೊದಲು ಇಪ್ಪತ್ತು ಸಾವಿರ ಕೊಡಿ ಅಂತ ಯಾರೋ ಹೇಳಿದ್ದರು. ಆಕೆ ಬಳೆ ಅಡವಿಡಲು ಹೊರಟಿದ್ದರು. ಯಾವ ಲೋಹವೂ ಅಕ್ಕಿಯನ್ನು ಎಳೆಯದು; ಅಕ್ಕಿಗೆ ಕಬ್ಬಿಣದ ಪುಡಿ ಸವರಿ ಅಯಸ್ಕಾಂತ ಬಚ್ಚಿಟ್ಟು ಮಾಡುವ ಕೈಚಳಕ ಅಷ್ಟೆ. ನನ್ನ ಡಬ್ಬಿ ತೆಗೆದು ಎಲ್ಲವನ್ನೂ ಅಕ್ಕಿಯ ಮೊರದಲ್ಲಿ ಹೊರಳಾಡಿಸಿ ತೋರಿಸಿದೆ. ಬಳೆ ಉಳಿಯಿತು. ಆದರೆ ನನಗೆ ಹೊಟ್ಟೆಕಿಚ್ಚು ಅಂದುಕೊಂಡು ಆಕೆ ಎರಡು ತಿಂಗಳು ಮಾತು ಬಿಟ್ಟರು! ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್, ತೆರಿಗೆ ಕೇಳುವವರೂ ಇದ್ದಾರೆ. ಹಳೇ ನಾಣ್ಯದ ವ್ಯವಹಾರ ತಾವು ಮಾಡುವುದಿಲ್ಲ, ಅದಕ್ಕೆ ಹಣವನ್ನೂ ಕೇಳುವುದಿಲ್ಲ ಅಂತ 2021ರಲ್ಲಿ ಬ್ಯಾಂಕೇ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ನಿಮ್ಮಿಂದ ಕೇಳಬಾರದು, ಅಲ್ಲವೇ?

ಇಡುವ ರೀತಿ ಹೇಳಿಬಿಡುತ್ತೇನೆ. ಹುಣಸೇಹಣ್ಣು, ಸಬೀನ ಹಾಕಿ ತಿಕ್ಕಬೇಡಿ. ಗುರುತೂ ಅಕ್ಷರವೂ ಹೋಗುತ್ತದೆ. ಪೂಜೆಯ ಟಂಕವಾದರೆ ಪೂಜೆ ನಡೆಯಲಿ, ಆಮೇಲೆ ಒದ್ದೆ ಆರಿಸಿ ಒಳಗಿಡಿ. ರಬ್ಬರ್ ಬ್ಯಾಂಡ್ ಸುತ್ತಿದರೆ ಬೆಳ್ಳಿ ಕಪ್ಪಾಗುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಪೆನ್ಸಿಲ್ಲಿನಲ್ಲಿ ಯಾರದ್ದು, ಯಾವ ಊರಿಂದ ಬಂತು ಅಂತ ಬರೆದಿಡಿ. ಅತ್ತೆಯವರನ್ನು ಕೇಳುವುದಿದ್ದರೆ ಈ ಹಬ್ಬಕ್ಕೇ ಕೇಳಿಬಿಡಿ.