ದಾದರಿನ ಕಡಲು, ಬೈಕಳಾದ ಚಾಳು

ಡಿಸೆಂಬರ್ 6ರ ಮುಂಜಾನೆ ಮುಂಬಯಿಯ ದಾದರ್ ನಿಲ್ದಾಣದಲ್ಲಿ ಇಳಿದವನು ಚೈತ್ಯಭೂಮಿಗೆ ದಾರಿ ಕೇಳಬೇಕಾದ ಪ್ರಮೇಯವೇ ಇಲ್ಲ. ಬಿಳಿಯುಡುಪಿನ ಜನಪ್ರವಾಹ ತಾನಾಗಿಯೇ ಪಡುವಣ ಕಡಲಿನತ್ತ ಹರಿಯುತ್ತಿರುತ್ತದೆ. ವಿದರ್ಭ, ಮರಾಠವಾಡಗಳ ಹಳ್ಳಿಗರೊಡನೆ ನಮ್ಮ ಕಲಬುರಗಿ, ಬೀದರ ಸೀಮೆಯವರೂ ಅದರಲ್ಲಿದ್ದಾರೆ. ಕಿವಿಗೊಟ್ಟರೆ ಕನ್ನಡವೂ ಕೇಳುತ್ತದೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿಯ ಬುತ್ತಿ. ಪಂಢರಪುರದ ಯಾತ್ರೆಯನ್ನು ಕಂಡವರಿಗೆ ಅದರ ನೆನಪಾದೀತು. ಆದರೆ ಇವರು ವರ ಬೇಡಲು ಬಂದವರಲ್ಲ.

1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದ ಡಾ. ಅಂಬೇಡ್ಕರರ ಅಂತ್ಯಕ್ರಿಯೆ ಮರುದಿನ ಈ ಕಡಲತಡಿಯಲ್ಲಿ ನಡೆಯಿತು. ಈಗಿರುವ ಸ್ತೂಪ ಉದ್ಘಾಟನೆಯಾದದ್ದು 1971ರಲ್ಲಿ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರಿಗೆ ಅದರೊಳಗೆ ದೊರೆಯುವುದು ಕೆಲವೇ ಕ್ಷಣ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಹತ್ತಿರದ ಶಿವಾಜಿ ಪಾರ್ಕ್. ಮೈದಾನದ ತುಂಬ ಪುಸ್ತಕದ ಅಂಗಡಿಗಳು! ಕೂಲಿಯ ಹಣದಲ್ಲಿ ಉಳಿಸಿದ ನೋಟುಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ಪುಸ್ತಕ ಕೊಳ್ಳುವ ತಾಯಂದಿರನ್ನು ಕಂಡಾಗ ಅಧ್ಯಾಪಕನಾದವನಿಗೆ ತುಸು ನಾಚಿಕೆಯೇ ಆಗುತ್ತದೆ. ಗ್ರಂಥಗಳಿಗಾಗಿಯೇ ‘ರಾಜಗೃಹ’ವೆಂಬ ಮನೆಯನ್ನು ಇದೇ ದಾದರಿನಲ್ಲಿ ಕಟ್ಟಿಸಿದವರ ಅನುಯಾಯಿಗಳಲ್ಲವೆ ಇವರು!

ಅಂಗಡಿಗಳ ನಡುವೆ ಶಾಹೀರರು ಹಾಡುತ್ತಾರೆ. ಶಾಹೀರನೆಂದರೆ ನಮ್ಮ ಲಾವಣಿಕಾರನ ನೆರೆಮನೆಯವನು. ಅಂಥವರಲ್ಲೊಬ್ಬ ವಿಲಾಸ ಘೋಗ್ರೆ. ಬೀದಿಬದಿಯ ಗುಡಿಸಲುಗಳನ್ನು ಕೆಡವುವುದರ ಬಗ್ಗೆ ಆನಂದ ಪಟವರ್ಧನರು 1985ರಲ್ಲಿ ತಯಾರಿಸಿದ ‘ಹಮಾರಾ ಶಹರ್’ ಸಾಕ್ಷ್ಯಚಿತ್ರದಲ್ಲಿ ಆತನ ಹಾಡಿದೆ. 1997ರ ಜುಲೈ 11ರಂದು ಘಾಟ್ಕೋಪರದ ರಮಾಬಾಯಿ ನಗರದಲ್ಲಿ ಅಂಬೇಡ್ಕರರ ಪ್ರತಿಮೆಗೆ ಯಾರೋ ಚಪ್ಪಲಿಯ ಹಾರ ಹಾಕಿದ್ದರು. ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 10 ಮಂದಿ ಸತ್ತರು. ಇದನ್ನು ಸಹಿಸಲಾರದ ಘೋಗ್ರೆ ಕೆಲವೇ ದಿನಗಳಲ್ಲಿ ನೇಣು ಹಾಕಿಕೊಂಡ. ಗುಂಡಿನ ಆಜ್ಞೆ ಕೊಟ್ಟ ಅಧಿಕಾರಿಗೆ ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದು 2009ರಲ್ಲಿ. ಹನ್ನೆರಡು ವರ್ಷ!

ಮಿತ್ರನ ಸಾವಿನಿಂದ ಕಲಕಿದ ಪಟವರ್ಧನರು ಮತ್ತೆ ಕ್ಯಾಮೆರಾ ಹಿಡಿದರು. ಹದಿನಾಲ್ಕು ವರ್ಷಗಳ ಬಳಿಕ, 2011ರಲ್ಲಿ, ‘ಜೈ ಭೀಮ್ ಕಾಮ್ರೇಡ್’ ಮುಗಿಯಿತು. ಸುಮಾರು ಮೂರು ಗಂಟೆಯ ಸಾಕ್ಷ್ಯಚಿತ್ರವೆಂದರೆ ನಮ್ಮಲ್ಲನೇಕರು ಕೇಳುವಾಗಲೇ ಆಕಳಿಸುತ್ತೇವೆ. ಆದರೆ ಇದು ಹಾಡಿನಿಂದ ಹಾಡಿಗೆ ಸಾಗುವ ಚಿತ್ರ. ಡಿಸೆಂಬರ್ 6ರ ಜನಸಂದಣಿಯಿಂದ ಹೊಲಸಾಗುತ್ತದೆಂದು ಶಿವಾಜಿ ಪಾರ್ಕಿನ ಸುತ್ತಮುತ್ತಲಿನ ಸುಶಿಕ್ಷಿತರು ಗೊಣಗುವುದೂ ಅದರಲ್ಲಿದೆ. ಆ ಮಾತುಗಳಲ್ಲಿ ದ್ವೇಷವಿಲ್ಲ, ಬರಿಯ ಬೇಸರ. ನನಗೆ ಹೆಚ್ಚು ಕಸಿವಿಸಿಯಾದದ್ದು ಅದಕ್ಕೇ. ನಮ್ಮ ನಿಮ್ಮ ಮನೆಯ ಜಗಲಿಯಲ್ಲಿಯೂ ಕೇಳಬಹುದಾದ ದನಿ ಅದು. ವರ್ಷವಿಡೀ ಆ ನಗರದ ಕಸ ಎತ್ತುವವರ ಬಂಧುಬಳಗವೇ ಆ ದಿನ ಮೈದಾನದಲ್ಲಿ ನೆರೆದಿರುವುದೆಂಬುದು ಗೊಣಗುವವರಿಗೆ ಹೊಳೆಯುವುದಿಲ್ಲ.

ಚಿತ್ರ ತೋರಿಸಿದ ಸ್ಥಳವೂ ಉಲ್ಲೇಖಾರ್ಹ. ದಾದರಿನಿಂದ ದಕ್ಷಿಣಕ್ಕೆ ಲೋಕಲ್ ಗಾಡಿ ಹತ್ತಿ ಪರಳ, ಕರೀ ರೋಡ್, ಚಿಂಚಪೋಕಳಿ ದಾಟಿದರೆ ಬೈಕಳಾ. ಹಾದಿಯುದ್ದಕ್ಕೂ ಒಂದು ಕಾಲದ ಗಿರಣಿಗಳ ಪ್ರದೇಶ. 1982ರ ದೊಡ್ಡ ಮುಷ್ಕರದ ನಂತರ ಅವು ಒಂದೊಂದಾಗಿ ಮುಚ್ಚಿದವು. ಬೈಕಳಾದ ಬಿ.ಐ.ಟಿ. ಚಾಳಿನ ಬಯಲಿನಲ್ಲಿ ಪರದೆ ಕಟ್ಟಿ ‘ಜೈ ಭೀಮ್ ಕಾಮ್ರೇಡ್’ ತೋರಿಸಿದರು. 1896ರ ಪ್ಲೇಗಿನ ತರುವಾಯ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟಿನ ಹೆಸರೇ ಈ ಚಾಳುಗಳಿಗೂ ಉಳಿದಿದೆ. ಪರಳದ ಇಂತಹದೇ ಚಾಳಿನಲ್ಲಿ ಅಂಬೇಡ್ಕರರೂ ಬಹುಕಾಲ ಬಾಳಿದ್ದರು. ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ. ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಪಡಸಾಲೆ. ಬಯಲಿನಲ್ಲೊಂದು ಪರದೆ ಕಟ್ಟಿದರೆ ಸಾಕು, ಮಹಡಿ ಮಹಡಿಯ ಪಡಸಾಲೆಯೂ ಚಿತ್ರಮಂದಿರದ ಬಾಲ್ಕನಿಯಾಗುತ್ತದೆ. ಒಲೆಯ ಮೇಲೆ ಅನ್ನವಿಟ್ಟವಳೂ ಕಟಕಟೆಗೆ ಆತುಕೊಂಡು ನೋಡಬಹುದು. ಟಿಕೆಟ್ಟಿಲ್ಲ, ದ್ವಾರಪಾಲಕನಿಲ್ಲ.

ತಂಪು ಸಭಾಂಗಣದಲ್ಲಿ ಇಂತಹ ಚಿತ್ರ ನೋಡುವವರಿಗೆ ಅಡಿಬರಹ ಬೇಕು. ಮುಗಿದ ಮೇಲೆ ಚರ್ಚೆಯೂ ಬೇಕು. ಚಾಳಿನಲ್ಲಿ ಅಡಿಬರಹದ ಅಗತ್ಯ ಅಷ್ಟಾಗಿ ಇರಲಾರದು. ಪರದೆಯ ಮೇಲಿನ ಹಾಡುಗಳು ಅವರವೇ.