ಅಕ್ಕನ ಪತ್ರಗಳೂ, ಕೆಟ್ಟುಹೋದ ಇನ್‌ಬಾಕ್ಸೂ

"ಮಾಮಾ, ಅಮ್ಮನ ಮೇಲ್ ಎಲ್ಲಾ ನಿಮ್ಮ ಹತ್ರ ಅವ ಅಂತಿದ್ರಲಾ, ಅವನ್ನ ನನಗ ಕಳಸ್ರಿ" ಅಂತ ಅಕ್ಕನ ಮಗಳು ಫೋನ್ ಮಾಡಿದ್ದು ಗಣೇಶ ಚೌತಿಯ ಮರುದಿನ. ನಾನು ಬಹಳ ಗತ್ತಿನಿಂದ "ಅದಕ್ಕೇನವಾ, ಎಲ್ಲಾ ಜೋಪಾನ ಇಟ್ಟೀನಿ, ಸಂಜೀಗೇ ಕಳಸ್ತೀನಿ" ಅಂದೆ. ಆ ಸಂಜೆ ಬಂದು ಐದು ತಿಂಗಳಾಯಿತು ನೋಡಿ.

ಅವಳಿಗೆ ಈಗ ಆರು ವರ್ಷದ ಮಗಳಿದ್ದಾಳೆ. ಬೆಂಗಳೂರಿನಲ್ಲಿ ಬೆಳೆಯುತ್ತಿರುವ ಆ ಕೂಸಿಗೆ ಧಾರವಾಡದ ಅಜ್ಜಿ ಹೇಗೆ ಮಾತಾಡುತ್ತಿದ್ದಳು ಅಂತ ಓದಿ ತೋರಿಸಬೇಕಂತೆ. ಅಕ್ಕ ಹೋಗಿದ್ದು 2011ರಲ್ಲಿ. ಅವಳ ಫೋಟೋಗಳು ಬೇಕಾದಷ್ಟಿವೆ, ದನಿ ಮಾತ್ರ ಎಲ್ಲೂ ಇಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು ಅಂತ ಆಗ ನಮಗ್ಯಾರಿಗೂ ಹೊಳೆದಿರಲಿಲ್ಲ. ಆದರೆ ಅಕ್ಕ ಮಾತಾಡಿದ ಹಾಗೇ ಬರೆಯುವವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ಶಾಲೆಯ ಕನ್ನಡವನ್ನು ಶಾಲೆಯಲ್ಲೇ ಬಿಟ್ಟು ಬರುತ್ತಿದ್ದಳು. ಪತ್ರದಲ್ಲಿ ಬರುತ್ತಿದ್ದುದು ಮಾಳಮಡ್ಡಿಯ ಕನ್ನಡ.

2002ರಲ್ಲಿ, ನಿವೃತ್ತಿಯಾದ ಮರುವರ್ಷ, ಮಗಳ ಕೈಹಿಡಿದು ಸೈಬರ್ ಕೆಫೆಗೆ ಹೋಗಿ ಮೇಲ್ ಮಾಡುವುದು ಕಲಿತಳು. ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಭಾನುವಾರಕ್ಕೊಂದು ಪತ್ರ. ಮೊದಮೊದಲು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. 'ಎಲ್' ಸಣ್ಣದಾದರೆ ಲ, ದೊಡ್ಡದಾದರೆ ಳ, ಅದರಲ್ಲಿ ಮಾತ್ರ ಮೇಷ್ಟ್ರಿಕೆ ಬಿಡಲಿಲ್ಲ. 2007ರ ಹೊತ್ತಿಗೆ ಮನೆಗೇ ಕಂಪ್ಯೂಟರ್ ಬಂತು, ಬರಹ ಹಾಕಿಕೊಟ್ಟರು, ಅಲ್ಲಿಂದಾಚೆ ಯೂನಿಕೋಡಿನಲ್ಲಿ ಅಚ್ಚಗನ್ನಡ. ಎರಡು ಅಭ್ಯಾಸ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. ಒಂದು, ವಿಷಯ ಅಂತ ಇರುವಲ್ಲಿ ಯಾವಾಗಲೂ 'ಕ್ಷೇಮ'. ಎರಡು, ಇನ್‌ಲ್ಯಾಂಡ್ ಕಾಲದ ಹಾಗೆ ಪ್ರತಿ ಪತ್ರಕ್ಕೂ ನಂಬರ್. "ಪತ್ರ 47. ಚಿ. ತಮ್ಮಗ ಅಕ್ಕನ ಆಶೀರ್ವಾದ. ಇತ್ತ ಕ್ಷೇಮ." ಅಂಚೆಯಲ್ಲಿ ಕಳೆದುಹೋದರೆ ಗೊತ್ತಾಗಲಿ ಅಂತ ಹಳೆಯವರು ಮಾಡುತ್ತಿದ್ದ ವ್ಯವಸ್ಥೆ ಅದು. "ಅಕ್ಕಾ, ಈಮೇಲ್ ಕಳೆಯೂದಿಲ್ಲ, ನಂಬರ್ ಯಾಕ?" ಅಂತ ನಾನು ನಕ್ಕಿದ್ದೆ. ಅವಳು ಕೊನೆಗೆ ಬರೆದ ಪತ್ರದ ನಂಬರ್ 412.

ಇನ್‌ಲ್ಯಾಂಡ್ ಪತ್ರಗಳ ಕತೆ ಕೇಳಬೇಡಿ. 1998ರಲ್ಲಿ ಮಾಟುಂಗಾದಿಂದ ಡೊಂಬಿವಲಿಗೆ ಮನೆ ಬದಲಿಸುವಾಗ ಒಂದು ಗೋಣಿಚೀಲದ ತುಂಬ ಕಾಗದಗಳನ್ನು ರದ್ದಿಯವನಿಗೆ ಕೊಟ್ಟವನು ನಾನೇ. ಕಿಲೋಗೆ ಎಷ್ಟು ಕೊಟ್ಟ ಅಂತ ಮರೆತಿದ್ದೇನೆ.

ಸರಿ, ಈಮೇಲಿಗೆ ಬರೋಣ. ಆಗಿನ ಕಾಲದಲ್ಲಿ ಅಂಚೆಪೆಟ್ಟಿಗೆಗಳು ಎಷ್ಟು ಚಿಕ್ಕವಿದ್ದವು ಅಂತ ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಹಾಟ್‌ಮೇಲ್ ಪುಕ್ಕಟೆ ಕೊಡುತ್ತಿದ್ದುದು 2 ಎಂಬಿ. 2004ರ ಏಪ್ರಿಲ್ 1ರಂದು ಜಿಮೇಲ್ ಬಂದು 1 ಜಿಬಿ ಕೊಡುತ್ತೇವೆ ಅಂದಾಗ ಎಷ್ಟೋ ಜನ ಏಪ್ರಿಲ್ ಫೂಲ್ ಅಂದುಕೊಂಡಿದ್ದರು. ನನ್ನದು ಇಂಟರ್‌ನೆಟ್ ಸಂಪರ್ಕದ ಜೊತೆ ಸಿಕ್ಕ ಪುಟ್ಟ ಖಾತೆ. ಹಾಗಾಗಿ ಮೇಲ್ ಎಲ್ಲ ಪಾಪ್ 3 ಪದ್ಧತಿಯಲ್ಲಿ ಮನೆಯ ಕಂಪ್ಯೂಟರಿಗೆ ಇಳಿಯುತ್ತಿತ್ತು, ಇಳಿದ ಕೂಡಲೇ ಸರ್ವರಿನಲ್ಲಿ ಅಳಿಸಿಹೋಗುತ್ತಿತ್ತು. ಅಂದರೆ ಅಕ್ಕನ ಪತ್ರಗಳ ಏಕೈಕ ಪ್ರತಿ ನನ್ನ ಡೊಂಬಿವಲಿ ಮನೆಯ ಡಬ್ಬಿಯಲ್ಲಿ. (ಅಕ್ಕನ ಖಾತೆ ವರ್ಷಗಟ್ಟಲೆ ಯಾರೂ ತೆರೆಯದೆ ಎಂದೋ ಮುಚ್ಚಿಹೋಗಿದೆ.) ಮೊದಲು ಔಟ್‌ಲುಕ್ ಎಕ್ಸ್‌ಪ್ರೆಸ್. 2005ರಲ್ಲಿ ಥಂಡರ್‌ಬರ್ಡಿಗೆ ಬಂದೆ, ಹಳೆಯದನ್ನೆಲ್ಲ ಅದರ ಇನ್‌ಬಾಕ್ಸಿಗೇ ಸುರಿದೆ. 2012ರಲ್ಲಿ ಕಂಪ್ಯೂಟರ್ ಸತ್ತಾಗ ಎಲ್ಲವನ್ನೂ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದೇವರ ಕಪಾಟಿನ ಮೇಲಿನ ಖಾನೆಯಲ್ಲಿಟ್ಟೆ. ಜೋಪಾನ ಅಂದೆನಲ್ಲ, ಅದು ಈ ಜೋಪಾನ.

ಚೌತಿಯ ಮರುದಿನ ಡಿಸ್ಕ್ ತೆಗೆದು ಸಿಕ್ಕಿಸಿದರೆ ಒಳಗಿಂದ ಟಕ್ ಟಕ್ ಟಕ್ ಸದ್ದು. ಇನ್‌ಬಾಕ್ಸ್ ಫೈಲ್ ಕಾಣಿಸಿತು, 1.3 ಜಿಬಿ. ತೆರೆದರೆ ಖಾಲಿ. ಫೋಲ್ಡರ್ ರಿಪೇರಿ ಮಾಡು ಅಂತ ಒತ್ತಿದೆ, ಸ್ವಲ್ಪ ಹೊತ್ತು ತಿರುಗಿ ಕಂಪ್ಯೂಟರೇ ನಿಂತುಬಿಟ್ಟಿತು. ಇನ್ನೊಮ್ಮೆ ಒತ್ತಬೇಕು ಅನ್ನುವಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಹುಡುಗ ಬಂದ. ಐರೋಳಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸದ್ದು ಕೇಳಿಯೇ ಕೇಬಲ್ ಕಿತ್ತ. "ಕಾಕಾ, ಒರಿಜಿನಲ್‌ಲಾ ಹಾತ್ ಲಾವೂ ನಕಾ!" ಡಾಕ್ಟರು ಗದರಿದ ಹಾಗೆ.

ಲ್ಯಾಮಿಂಗ್ಟನ್ ರೋಡಿನ ಒಬ್ಬ ಅಂಗಡಿಯವನನ್ನು ಕೇಳಿದ್ದಾಯಿತು. ಇಪ್ಪತ್ತೈದು ಸಾವಿರ, ಗ್ಯಾರಂಟಿ ಇಲ್ಲ ಅಂದ. ಪಿಂಚಣಿಯವನಿಗೆ ಗ್ಯಾರಂಟಿ ಇಲ್ಲದ ಇಪ್ಪತ್ತೈದು ಸಾವಿರ ದೊಡ್ಡದೇ. ಹುಡುಗ, ಮೊದಲು ನಾವೇ ನೋಡೋಣ ಅಂದ. ಪೆನ್ ಡ್ರೈವಿನಿಂದ ಲಿನಕ್ಸ್ ಹಚ್ಚಿ, ಡಿಡಿ-ರೆಸ್ಕ್ಯೂ ಅಂತ ಒಂದು ಪ್ರೋಗ್ರಾಂ ಓಡಿಸಿದ. ಅದರ ರೀತಿ ನನಗೆ ಬಹಳ ಇಷ್ಟವಾಯಿತು. ಡಿಸ್ಕಿನ ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ನಕಲು ಮಾಡಿಕೊಳ್ಳುತ್ತದೆ, ಹಟ ಮಾಡುವ ಜಾಗ ಬಂದರೆ ಅಲ್ಲೇ ಗುದ್ದಾಡದೆ ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ, ಕೊನೆಗೆ ಅವಕ್ಕೆ ಮತ್ತೆ ಬಂದು ಮತ್ತೆ ಮತ್ತೆ ಓದಲು ನೋಡುತ್ತದೆ. ಎಷ್ಟು ಮಾಡಿದರೂ ಓದಲಾಗದ್ದು ಸೊನ್ನೆಯಾಗಿಯೇ ಉಳಿಯುತ್ತದೆ. ಎರಡು ರಾತ್ರಿ ಓಡಿತು. ನಾನು ಮಧ್ಯೆ ಮಧ್ಯೆ ಎದ್ದು ಬಂದು ನೋಡುತ್ತಿದ್ದೆ. "ಐಸಿಯು ಹೊರಗ ಕೂತಂಗ ಕೂತೀರಿ" ಅಂದಳು ಹೆಂಡತಿ.

ಆ ನಕಲನ್ನು ತೆರೆದು ನೋಡಿದಾಗ ಗೊತ್ತಾಯಿತು, ಇನ್‌ಬಾಕ್ಸ್ ಅನ್ನುವುದೇನೂ ಮಾಯಾಪೆಟ್ಟಿಗೆಯಲ್ಲ. ಎಂಬಾಕ್ಸ್ ಅನ್ನುವ ಬಗೆ, ಬರೀ ಒಂದು ಉದ್ದದ ಪಠ್ಯದ ಫೈಲು. ಖರ್ಚಿನ ಪುಸ್ತಕದ ಹಾಗೆ ಒಂದರ ಕೆಳಗೊಂದು ಮೇಲ್. ಪ್ರತಿಯೊಂದರ ತಲೆಯ ಮೇಲೂ 'ಫ್ರಮ್' ಅಂತ ಶುರುವಾಗುವ ಒಂದು ಸಾಲು, ಪಕ್ಕದಲ್ಲಿ ತಾರೀಕು. ಥಂಡರ್‌ಬರ್ಡ್ ನಮಗೆ ತೋರಿಸುವ ಪಟ್ಟಿ ಬೇರೆಯೇ ಒಂದು ಚಿಕ್ಕ ಸೂಚಿ ಫೈಲಿನಿಂದ ಬರುವುದು. ಅದು ಕೆಟ್ಟರೆ ಪರವಾಗಿಲ್ಲ, ಅಳಿಸಿದರೆ ಮತ್ತೆ ತಯಾರಾಗುತ್ತದೆ. ನಮ್ಮದರಲ್ಲಿ ಪುಸ್ತಕದ ಹಾಳೆಗಳಿಗೇ ಗೆದ್ದಲು ಹತ್ತಿತ್ತು. ಅಲ್ಲಲ್ಲಿ ಪುಟಗಟ್ಟಲೆ ಸೊನ್ನೆ. ಹುಡುಗ ಹತ್ತಿಪ್ಪತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದು, 'ಫ್ರಮ್' ಸಾಲು ಕಂಡಲ್ಲೆಲ್ಲ ಕತ್ತರಿಸಿ, ಒಂದೊಂದು ಮೇಲನ್ನೂ ಒಂದೊಂದು ಫೈಲು ಮಾಡಿದ. ಅರ್ಧ ಉಳಿದವುಗಳನ್ನು ಬೇರೆ ಇಟ್ಟ.

ಅದರಲ್ಲಿ ಅಕ್ಕನನ್ನು ಹುಡುಕುವುದು ನನ್ನ ಕೆಲಸ. ಇಂಗ್ಲಿಷ್ ಅಕ್ಷರದ ಕಾಲದವು ಸುಲಭ, ಕಣ್ಣಿಗೇ ಕಾಣುತ್ತವೆ. ಯೂನಿಕೋಡಿನವು ನೋಡಿದರೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ-ಅಂಕಿಗಳ ಕಲಸುಮೇಲೋಗರ. ಬೇಸ್ 64 ಅನ್ನುತ್ತಾರೆ, ಕನ್ನಡದ ಒಂದೊಂದು ಚಿಹ್ನೆಯ ಮೂರು ಬೈಟುಗಳನ್ನು ನಾಲ್ಕು ಅಕ್ಷರವಾಗಿ ಕಟ್ಟಿಡುವುದು. ಒಂದು ವಾರ ಅದನ್ನು ನೋಡಿ ನೋಡಿ ನನಗೊಂದು ವಿಷಯ ಹೊಳೆಯಿತು. ಅಕ್ಕನ ಪ್ರತಿ ಮೇಲೂ '4, ಎಲ್, ಕೆ, ಸಣ್ಣ ಕ್ಯೂ' ಅಂತ ಶುರುವಾಗುತ್ತಿತ್ತು. ಅದೇನು ಅಂದರೆ 'ಪ'. ಪತ್ರ ಅನ್ನುವುದರ ಪ! ಆಮೇಲೆ ಅದನ್ನೇ ಹುಡುಕುಪದವಾಗಿ ಕೊಟ್ಟೆ, ತಲೆ ಕಳೆದುಕೊಂಡ ಮೇಲುಗಳ ರಾಶಿಯಲ್ಲೂ ಸಾಲಾಗಿ ಸಿಕ್ಕವು. "ಕಾಕಾ, ಮಸ್ತ್!" ಅಂದ ಹುಡುಗ. ಜೀವಮಾನವಿಡೀ ಲೆಡ್ಜರಿನಲ್ಲಿ ತಪ್ಪು ಹುಡುಕಿದ ಅಕೌಂಟೆಂಟಿಗೆ ಇದೊಂದು ಪ್ರಮೋಷನ್ ಅನ್ನಿ.

ಈ ನಡುವೆ ಒಂದು ಪತ್ರ ಬಂತು, 214. ನೋಡಿದ ಕೂಡಲೇ ಗುರುತು ಸಿಕ್ಕಿತು, ಯಾಕೆಂದರೆ ಅದನ್ನು ನಾನೇ ಅಳಿಸಿದ್ದೆ. 2007ರಲ್ಲಿ ಅವ್ವನ ಶ್ರಾದ್ಧಕ್ಕೆ ನಾನು ಹೋಗಿರಲಿಲ್ಲ, ಕ್ಲೋಸಿಂಗ್ ಅಂತ ನೆಪ ಹೇಳಿದ್ದೆ. ಅಕ್ಕ ಬರೆದಿದ್ದಳು: "ನಿನಗ ಕ್ಲೋಸಿಂಗ್ ವರ್ಷಾ ಬರ್ತದ, ಅವ್ವನ ತಿಥಿನೂ ವರ್ಷಾ ಬರ್ತದ. ಎರಡೂ ತಾರೀಖ್ ನಿನಗ ಗೊತ್ತು. ಒಂದು ಮಾತ್ರ ನೆನಪಿರ್ತದ." ಸಿಟ್ಟಿನಿಂದ ಅಳಿಸಿದ್ದೆ. ಆದರೆ ಥಂಡರ್‌ಬರ್ಡಿನಲ್ಲಿ ಅಳಿಸಿದ ಮೇಲ್ ಆ ಕೂಡಲೇ ಹೋಗುವುದಿಲ್ಲ. ಅದರ ಸ್ಟೇಟಸ್ ಸಾಲಿನಲ್ಲಿ 0009 ಅಂತ ಒಂದು ಗುರುತು ಬೀಳುತ್ತದೆ ಅಷ್ಟೇ, ಓದಿದ್ದು ಮತ್ತು ಅಳಿಸಿದ್ದು ಅಂತ. ಫೋಲ್ಡರನ್ನು ಕಾಂಪ್ಯಾಕ್ಟ್ ಮಾಡಿದಾಗಲೇ ನಿಜವಾಗಿ ಹೋಗುವುದು. ಸೋಮಾರಿ ನಾನು ಒಮ್ಮೆಯೂ ಮಾಡಿರಲಿಲ್ಲ. ಪತ್ರ ಪೂರ್ತಿ ಇತ್ತು, ಒಂದಕ್ಷರ ಕೆಟ್ಟಿಲ್ಲ. ಕೆಳಗೆ ಸಾರಿನ ಪುಡಿ ಕಳಿಸಿದ್ದೀನಿ, ಬಸ್ಸಿನವನ ಹತ್ತಿರ ಇಸಕೋ ಅಂತ ಬೇರೆ ಇತ್ತು. ಅಲ್ಲಿಯವರೆಗೆ ನಾನು ಓದಿಯೇ ಇರಲಿಲ್ಲ ಅಂತ ಕಾಣುತ್ತದೆ.

ಇನ್‌ಬಾಕ್ಸ್ ಮುಗಿದಾಗ ಪೂರ್ತಿ ಸಿಕ್ಕಿದ್ದು 268. ಹುಡುಗ ತಲೆ ಕೆರೆದುಕೊಂಡು ಕೇಳಿದ, "ಕಾಕಾ, ನೀವು ಉತ್ತರ ಬರೀತಿದ್ರಲ್ಲ, ಸೆಂಟ್ ಫೋಲ್ಡರ್ ನೋಡಿದ್ರಾ?" ಸೆಂಟ್ ಫೈಲು ಡಿಸ್ಕಿನ ಬೇರೆ ಜಾಗದಲ್ಲಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಉತ್ತರ ಬರೆದಾಗ ಬಂದ ಪತ್ರವೂ ಅದರ ಜೊತೆಗೇ, ಪ್ರತಿ ಸಾಲಿಗೊಂದು ಬಾಣದ ಗುರುತಿನೊಂದಿಗೆ ಅಂಟಿಕೊಂಡು ಹೋಗುತ್ತದಲ್ಲ, ಅದು ಅವನ ಲೆಕ್ಕಾಚಾರ. ಅಂದರೆ ನಾನು ಉತ್ತರ ಬರೆದಿದ್ದರೆ ಅಕ್ಕನ ಪತ್ರ ನನ್ನ ಉತ್ತರದ ಬುಡದಲ್ಲಿ ಉಳಿದಿರಬೇಕು.

ಉಳಿದಿತ್ತು. 2005ರ ಜುಲೈ 26ರ ಮಳೆ ನಿಮಗೆ ನೆನಪಿರಬಹುದು, ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ನಾನು ಸಾಕಿನಾಕಾದ ಆಫೀಸಿನಲ್ಲಿ ಮೇಜಿನ ಮೇಲೆ ಮಲಗಿ, ಮರುದಿನ ಘಾಟ್‌ಕೋಪರಿಗೆ ನಡೆದು, ಅಲ್ಲಿಂದ ಮುಂದೆ ನಡೆದೂ ಟೆಂಪೋ ಹತ್ತಿಯೂ ಮನೆ ಸೇರಿದ್ದೆ. ಪತ್ರ 139: "ಟೀವಿಯೊಳಗ ಬರೇ ನೀರ ತೋರಸ್ಲಿಕ್ಕತ್ಯಾರ. ನಿನ್ನ ಫೋನ್ ಹತ್ತವಲ್ದು. ಇದನ್ನ ಓದಿದ ಕೂಡ್ಲೇ ಒಂದು ಅಕ್ಷರ ಬರಿ. ಒಂದು ಅಕ್ಷರ ಸಾಕು, ಯಾವುದಾದ್ರೂ ನಡೀತದ." ಅದರ ಮೇಲೆ ನನ್ನ ಉತ್ತರ: "ಅಕ್ಕಾ ಆರಾಮ." ಆರು ದಿನದ ಮೇಲೆ ಕಳಿಸಿದ್ದು.

ಆ ಫೈಲಿನಲ್ಲಿ ಅಕ್ಕನಿಗೆ ನಾನು ಕಳಿಸಿದ ಮೇಲುಗಳನ್ನೆಲ್ಲ ಒಂದೇ ಸಲ ಓದಿದೆ. ಒಂಬತ್ತು ವರ್ಷದ್ದು ಓದಲು ಇಪ್ಪತ್ತು ನಿಮಿಷ ಹಿಡಿಯಿತು. 'ಓಕೆ ಅಕ್ಕಾ.' 'ನೋಡ್ತೀನಿ.' 'ಈ ವಾರ ಸ್ವಲ್ಪ ಗಡಿಬಿಡಿ.' 'ಫೋನ್ ಮಾಡ್ತೀನಿ.' ಸೆಂಟ್ ಫೈಲಿನಲ್ಲಿ ಏನೂ ಕೆಟ್ಟಿರಲಿಲ್ಲ.

ಅಲ್ಲಿಂದ ಇನ್ನೂ 46 ಪತ್ರ ಸಿಕ್ಕವು. 31 ಅರ್ಧಂಬರ್ಧ ಇವೆ. ನಂಬರ್ ಇದ್ದದ್ದರಿಂದ ಲೆಕ್ಕ ಪಕ್ಕಾ. ಕಾಣೆಯಾದವು 67. 2006ರ ಜುಲೈ 11ರಂದು ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಏಳು ಬಾಂಬ್ ಸಿಡಿದಾಗ ಅವಳು ಬರೆದಿದ್ದು ನನಗೆ ಚೆನ್ನಾಗಿ ನೆನಪಿದೆ, ಮೂರು ದಿನದಲ್ಲಿ ಎರಡು ಪತ್ರ. ನಾನು ಆಗ ಫೋನಿನಲ್ಲೇ ಮಾತಾಡಿ ಮುಗಿಸಿದ್ದೆ, ಮತ್ತೆ ಬರೆಯುವುದೇನು ಅಂತ. ಅವೆರಡೂ ಹೋದವು. ಹೋದ 67ರಲ್ಲಿ ಒಂದಕ್ಕೂ ನಾನು ಉತ್ತರ ಬರೆದಿರಲಿಲ್ಲ. ಬರೆದಿದ್ದರೆ ಇರುತ್ತಿದ್ದವು.

ಮಗಳಿಗೆ ಕಳಿಸುವ ಮುಂಚೆ ಹುಡುಗ ಕೇಳಿದ, ಮೇಲಿನ ನಿಮ್ಮ ಸಾಲು ಇರಲಾ ತೆಗೀಲಾ ಅಂತ. ತೆಗಿ ಅಂದೆ. ಬಾಣದ ಗುರುತು ತೆಗೆಯಲು ಇಬ್ಬರಿಗೂ ನೆನಪಾಗಲಿಲ್ಲ.

ಮೊನ್ನೆ ರಾತ್ರಿ ಅವಳ ಫೋನ್. ಕೂಸಿಗೆ ದಿನಕ್ಕೊಂದು ಓದಿ ಹೇಳುತ್ತಿದ್ದಾಳಂತೆ. ಬದನೀಕಾಯಿ ತುಟ್ಟಿಯಾದ ಪತ್ರ ಕೇಳಿ ಕೂಸು ಬಿದ್ದು ಬಿದ್ದು ನಕ್ಕಿತಂತೆ, "ಅಜ್ಜಿ ಜಗಳಗಂಟಿ ಇದ್ಲಾ?" ಅಂತ ಕೇಳಿತಂತೆ. ಆಮೇಲೆ, "ಮಾಮಾ, ಕೆಲವು ಪತ್ರದಾಗ ಸಾಲಿಗೊಂದು ಬಾಣ ಯಾಕ ಅದ?" ಅಂದಳು. ಹಳೇ ಸಾಫ್ಟ್‌ವೇರಿಂದು ಹಂಗ ಅಂದೆ.

"ಮತ್ತ 185 ಆದಮ್ಯಾಲೆ ಒಮ್ಮಿಗೇ 188 ಅದ?"

"ಡಿಸ್ಕ್ ಕೆಟ್ಟಿತ್ತವಾ" ಅಂದೆ.

ಆ 31 ಅರ್ಧ ಪತ್ರ ಇನ್ನೂ ಬಾಕಿ ಇವೆ. ಬೇಸ್ 64ನ್ನು ಯಾವುದಾದರೂ ಪೂರ್ತಿ ಸಾಲಿನ ತಲೆಯಿಂದ ಹಿಡಿದರೆ ನಾಲ್ಕರ ಲೆಕ್ಕ ತಪ್ಪುವುದಿಲ್ಲ, ಹಾಗಾಗಿ ತಲೆ ಹೋದ ಪತ್ರದ ಬಾಲವನ್ನೂ ಬಿಡಿಸಬಹುದು ಅಂತಾನೆ ಹುಡುಗ. ಭಾನುವಾರ ಬರುತ್ತಾನೆ. ಹೆಂಡತಿಗೆ ಗಿರಮಿಟ್ ಮಾಡು ಅಂದಿದ್ದೇನೆ.